ಕುಂಕುಮ ಇಟ್ಟ ಕೈ

ಕೊಟ್ರಮ್ಮ ಕೋರ್ಟಿನಲ್ಲಿ ಹೇಳಬೇಕಾಗಿದ್ದುದು ಒಂದೇ ಮಾತು. ಕೆಂಚಕ್ಕ ನನ್ನ ಹಣೆಗೆ ಕುಂಕುಮ ಇಟ್ಟಳು, ಬಲಗೈಯಿಂದ ಇಟ್ಟಳು. ಅದು ಸುಳ್ಳೇನೂ ಆಗಿರಲಿಲ್ಲ. ಸುಳ್ಳು ಹೇಳು ಎಂದು ಯಾರಾದರೂ ಅಂದಿದ್ದರೆ ಅವಳು ಚಿತ್ರದುರ್ಗದ ಕೋರ್ಟಿನ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಹೇಳುವುದು ನಿಜವೇ ಆದರೂ ಬೆಳಿಗ್ಗೆ ಮಗಳಿಗೆ ಜಡೆ ಹಾಕುವಾಗ ಕನ್ನಡಿಯಲ್ಲಿ ಅವಳ ಕಣ್ಣು ತಪ್ಪಿಸುತ್ತಿದ್ದಳು. ಯಾಕೆಂದು ಮಗಳು ಕೇಳಿದಾಗ, ಕೋರ್ಟು ಕಂಡವಳಲ್ಲ ನಾನು, ಭಯ ಅಂದಿದ್ದಳು.

ಹಿಂದಿನ ವರ್ಷ ಶಿರಾದಲ್ಲಿ ನೆಂಟರ ಮದುವೆ ಮುಗಿಸಿ ವಾಪಸು ಬರುವಾಗ ಆದಿವಾಲದ ಹತ್ತಿರ ಅವರ ಕಾರು ಕೆಂಚಕ್ಕನಿಗೆ ಬಡಿದಿತ್ತು. ಕೊಟ್ರಮ್ಮನ ಗಂಡ ನಾಗರಾಜಪ್ಪನದು ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಬಟ್ಟೆ ಅಂಗಡಿ. ಹಳೆಯ ಅಂಬಾಸಿಡರನ್ನು ಕೊಂಡು ಆಗಿನ್ನೂ ಬಹಳ ದಿನವಾಗಿರಲಿಲ್ಲ. ಅವನೇ ಓಡಿಸುತ್ತಿದ್ದ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ರಸ್ತೆ ದಾಟುತ್ತಿದ್ದುದು ಕೊಟ್ರಮ್ಮನಿಗೆ ಕಂಡಿತ್ತು, ನಾಗರಾಜಪ್ಪನಿಗೆ ಕಾಣುವ ಹೊತ್ತಿಗೆ ಗಾಜಿನ ತುಂಬ ಹುಲ್ಲು. ಅವನೇನೂ ಓಡಿಹೋಗಲಿಲ್ಲ. ಅದೇ ಕಾರಿನಲ್ಲಿ ಮಲಗಿಸಿಕೊಂಡು ಹಿರಿಯೂರಿನ ಆಸ್ಪತ್ರೆಗೆ ಹಾಕಿದ. ದಾರಿಯುದ್ದಕ್ಕೂ ಕೆಂಚಕ್ಕನ ತಲೆ ಕೊಟ್ರಮ್ಮನ ತೊಡೆಯ ಮೇಲಿತ್ತು. ಬಲಗೈ ಭುಜದಿಂದ ಕೆಳಗೆ ತನ್ನದಲ್ಲವೆಂಬಂತೆ ತಿರುಚಿಕೊಂಡು ಬಿದ್ದಿತ್ತು. ನೋವಿನಲ್ಲೂ ಆ ಹೆಂಗಸು, ರೇಷ್ಮೆ ಸೀರೆಗೆ ರಕ್ತ ಆಗ್ತೈತೆ, ನನ್ನನ್ನ ಕೆಳಗೆ ಕೂರಿಸ್ರಿ ಅನ್ನುತ್ತಲೇ ಇದ್ದಳು.

ಆಮೇಲೆ ಎರಡು ಕೇಸು ಆದವು. ಅಜಾಗರೂಕತೆಯಿಂದ ಗಾಡಿ ಓಡಿಸಿದ್ದಕ್ಕೆ ನಾಗರಾಜಪ್ಪನ ಮೇಲೆ ಹಿರಿಯೂರಿನಲ್ಲಿ ಪೊಲೀಸರ ಕೇಸು. ಪರಿಹಾರ ಬೇಕೆಂದು ಕೆಂಚಕ್ಕ ಚಿತ್ರದುರ್ಗದಲ್ಲಿ ಹಾಕಿದ್ದು ಇನ್ನೊಂದು. ಪರಿಹಾರ ಕೊಡಬೇಕಾಗಿ ಬಂದರೆ ಕೊಡುವವರು ವಿಮಾ ಕಂಪನಿಯವರು. ಅವರ ಪರವಾಗಿ ನಿಂತವರು ವಕೀಲ ಮರುಳಸಿದ್ದಪ್ಪ. ಮೃದು ಮಾತಿನ ಮನುಷ್ಯ, ಮಠದ ಕೆಲಸವೆಂದರೆ ಮುಂದೆ ನಿಲ್ಲುವವರು. ಹೆಂಗಸಿನ ಕೈ ವಾಸಿಯಾಗಿದೆ, ದುಡ್ಡಿನಾಸೆಗೆ ಇಲ್ಲವೆನ್ನುತ್ತಿದ್ದಾಳೆ ಎಂಬುದು ಅವರ ವಾದ. ಇಲ್ಲಿ ಕೈ ಸರಿಯಿದೆ ಎಂದಾಗಿಬಿಟ್ಟರೆ ಹಿರಿಯೂರಿನ ಕೇಸೂ ಹಗುರಾಗುತ್ತದೆ ಎಂದು ಅವರು ನಾಗರಾಜಪ್ಪನಿಗೆ ತಿಳಿಸಿ ಹೇಳಿದ್ದರು. ಆ ಮಾತು ಮನೆಯಲ್ಲಿ ಎಲ್ಲರಿಗೂ ಬೇಕಾಗಿತ್ತು. ಮಗಳಿಗೆ ಹೊಳಲ್ಕೆರೆಯ ಕಡೆಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನ ತಂದೆ, ಬೀಗರು ಜೈಲಿನ ಭಯದಾಗೆ ಇರಬಾರ್ದು ನೋಡ್ರಿ, ಕೋರ್ಟಿನದು ಒಂದು ಕಡೆಗೆ ಆಗ್ಲಿ ಎಂದು ನಗುತ್ತಲೇ ಹೇಳಿ ಕಳಿಸಿದ್ದರು.

ಕೊಟ್ರಮ್ಮ ಆದಿವಾಲಕ್ಕೆ ಹೋದದ್ದು ಅವಳ ಸಾಕ್ಷಿಯ ಮಾತು ಏಳುವ ಮುಂಚೆ. ಕೇಳಿದರೆ ಗಂಡ ಬೇಡವೆನ್ನುತ್ತಾನೆಂದು ಹೇಳದೆಯೇ ಹೋದಳು. ಹಿರಿಯೂರಿನ ಅಕ್ಕನ ಮನೆಗೆಂದು ಹೊರಟವಳು ಅಲ್ಲಿಂದ ಇನ್ನೊಂದು ಬಸ್ಸು ಹತ್ತಿದಳು. ಚೀಲದಲ್ಲಿ ಮೋಸಂಬಿ, ಅಂಗಡಿಯಿಂದ ತೆಗೆದುಕೊಂಡ ಒಂದು ಕುಬಸದ ಬಟ್ಟೆ. ತೊಡೆಯ ಮೇಲೆ ಮಲಗಿದ್ದ ತಲೆಯ ಭಾರ ಆಗಾಗ ನೆನಪಾಗುತ್ತಿತ್ತು, ಅದಕ್ಕೇ ಹೋದಳು.

ಕೆಂಚಕ್ಕನ ಮನೆ ಊರಿನ ಕೊನೆಯಲ್ಲಿತ್ತು. ಅವಳ ಗಂಡ ಕಾಟಯ್ಯ ಕಂಬಳಿ ಹಾಸಿ ಕೂರಿಸಿದ. ಯಾರೂ ಬೈಯಲಿಲ್ಲ. ಅವತ್ತು ಕಾರಿನಾಗೆ ಹಾಕ್ಕಂಡು ಹೋಗದಿದ್ರೆ ಇವಳು ಅಲ್ಲೇ ಹೋಗ್ತಿದ್ಲು ಎಂದು ಅವನೇ ಉಪಕಾರ ನೆನೆದಾಗ ಕೊಟ್ರಮ್ಮನಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಸೊಸೆ ಟೀ ಕಾಯಿಸಲು ಎದ್ದಳು. ಅಕ್ಕನ ಮನೆಯಲ್ಲಿ ಈಗ ತಾನೇ ಕುಡಿದೆ, ಬೇಡ ಎಂದಳು ಕೊಟ್ರಮ್ಮ. ಕುಡಿದಿರಲಿಲ್ಲ. ಆ ಮನೆಯಲ್ಲಿ ಕುಡಿದೆನೆಂದು ತನ್ನ ಅತ್ತೆಗೆ ಗೊತ್ತಾದರೆ ಎಂಬುದು ಒಳಗಿನ ಮಾತು. ಕೆಂಚಕ್ಕನಿಗೆ ಅದು ತಿಳಿಯಿತೆಂದು ಕೊಟ್ರಮ್ಮನಿಗೂ ತಿಳಿಯಿತು. ಕೆಂಚಕ್ಕ ಸೊಸೆಗೆ, ಬಿಡವ್ವ, ಬಲವಂತ ಮಾಡಬ್ಯಾಡ ಎಂದಳು, ಅಷ್ಟೇ.

ಅದಕ್ಕೇ ಇರಬೇಕು, ಹೊರಡುವಾಗ ಕುಂಕುಮದ ಬಟ್ಟಲನ್ನು ತರಿಸಿ ಸೊಸೆಯ ಕೈಗೆ ಬಿಡದೆ ತಾನೇ ಎದ್ದು ಬಂದಳು. ಮನೆಗೆ ಬಂದ ಮುತ್ತೈದೆಯನ್ನು ಮನೆಯ ಹಿರಿಯಳು ಬರಿಹಣೆಯಲ್ಲಿ ಕಳಿಸಿದರೆ ಹೇಗೆ. ಎಡಗೈಯಿಂದ ಇಡುವಂತಿಲ್ಲ. ಕೆಂಚಕ್ಕ ಬಟ್ಟಲನ್ನು ಸೊಸೆಗೆ ಹಿಡಿಸಿ, ಬಲಗೈಯನ್ನು ಮುಂದೆ ಚಾಚಿ, ಎಡಗೈಯನ್ನು ಅದರ ಮೊಣಕೈಗೆ ತಂದಳು. ದೊಡ್ಡವರಿಗೆ ಏನಾದರೂ ಕೊಡುವಾಗ ಬಲಮೊಣಕೈಗೆ ಎಡಗೈ ತಾಗಿಸಿ ಕೊಡುವುದು ಎಲ್ಲರೂ ಮಾಡುವುದೇ, ಅದು ಮರ್ಯಾದೆ. ಕೊಟ್ರಮ್ಮನೂ ಮೊದಲು ಹಾಗೆಯೇ ಅಂದುಕೊಂಡಳು. ಹತ್ತಿರ ಬಂದಾಗ ಕಂಡಿತು. ಎಡಗೈ ತಾಗಿಸಿರಲಿಲ್ಲ, ಎತ್ತುತ್ತಿತ್ತು. ನೀರು ತುಂಬಿದ ಕೊಡವನ್ನು ತಳಕ್ಕೆ ಕೈಕೊಟ್ಟು ಎತ್ತುವ ಹಾಗೆ. ಬಲಗೈ ಬೆರಳುಗಳು ಕೂಡಲೊಲ್ಲವು. ಕೊಟ್ರಮ್ಮ ತಲೆ ಬಗ್ಗಿಸಿಕೊಟ್ಟಳು. ಕುಂಕುಮ ಹಣೆಗೆ ಒಂದಿಷ್ಟು ತಾಗಿ, ಉಳಿದದ್ದು ಮೂಗಿನ ಮೇಲೂ ಸೆರಗಿನ ಮೇಲೂ ಉದುರಿತು. ಕೆಂಚಕ್ಕನ ತುಟಿಯ ಮೇಲೆ ಬೆವರಿತ್ತು. ಆದರೂ ನಕ್ಕಳು.

ಮನೆಗೆ ಬಂದ ಕೊಟ್ರಮ್ಮನಿಗೆ ಸುಮ್ಮನಿರಲು ಆಗಲಿಲ್ಲ. ಗಂಡನ ಮನಸ್ಸು ಕರಗಲೆಂದೇ ಊಟಕ್ಕೆ ಬಡಿಸುವಾಗ ಎಲ್ಲವನ್ನೂ ಹೇಳಿದಳು. ಅಂಥ ಕೈಯಲ್ಲೂ ನನಗೆ ಕುಂಕುಮ ಇಟ್ಟು ಕಳಿಸಿದಳು ನೋಡ್ರಿ ಎಂದಳು. ನಾಗರಾಜಪ್ಪ ತುತ್ತು ಹಿಡಿದುಕೊಂಡೇ ಕೇಳಿದ. ಮಾರನೇ ದಿನ ವಕೀಲರ ಮುಂದೆ ಅವನ ಬಾಯಲ್ಲಿ ಉಳಿದದ್ದು, ಕುಂಕುಮ ಇಟ್ಟಳಂತೆ ಎಂಬುದಷ್ಟೇ.

ಮರುಳಸಿದ್ದಪ್ಪ ಅವಳನ್ನು ಕರೆಸಿದರು. ಕುಂತ್ಕಳ್ರಿ ಅಮ್ಮಾರೆ ಎಂದು ಫ್ಯಾನನ್ನು ಅವಳ ಕಡೆಗೆ ತಿರುಗಿಸಿದರು. ಕೋರ್ಟಿನಲ್ಲಿ ಕೇಳುವ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಕೇಳಿದರು. ಅವಳು ಹೇಳುತ್ತ, ಎಡಗೈಲಿ ಹಿಂಗೆ ಎತ್ತಿ ಎಂದು ತೋರಿಸಲು ಹೋದಾಗ ಅವರ ಬೆರಳು ಮೇಲೆದ್ದಿತು.

"ಎಡಗೈ ವಿಚಾರ ನಾನು ಕೇಳಿದ್ನಾ?"

"ಇಲ್ಲ."

"ಕೋರ್ಟು ಅಂದ್ರೆ ಬೀಗರ ಮನೆ ಪಂಕ್ತಿ ಇದ್ದಂಗೆ ಅಮ್ಮಾರೆ. ಬಡ್ಸಿದ್ದನ್ನ ಉಂಡು ಏಳಬೇಕು. ಅದು ಹಾಕ್ರಿ, ಇದು ಹಾಕ್ರಿ ಅನ್ನಬಾರ್ದು." ತಾವೇ ನಕ್ಕರು. "ಮೊಣಕೈಗೆ ಕೈ ಕೊಡೋದು ಮರ್ಯಾದೆಗೆ. ನಮ್ಮನೆಯಾಗೂ ಹಂಗೇ ಕೊಡ್ತಾರೆ. ನೀವು ಬ್ಯಾರೆ ಏನೋ ತಿಳ್ಕಂಡೀರಿ."

ಅಲ್ಲ ಎನ್ನಬಹುದಾಗಿತ್ತು. ಗಂಡ ಪಕ್ಕದಲ್ಲಿ ಕುಳಿತು ಅವಳ ಮುಖವನ್ನೇ ನೋಡುತ್ತಿದ್ದ. ಹೊಳಲ್ಕೆರೆಯವರ ನೆನಪಾಯಿತು. ಇರಬಹುದು ಎಂದಳು ಕೊಟ್ರಮ್ಮ.

ಕೋರ್ಟಿನ ದಿನ ಮೊದಲು ಕೆಂಚಕ್ಕನ ಹೇಳಿಕೆ ಆಯಿತು. ಸಾಕ್ಷಿಗಳು ಹೊರಗಿರಬೇಕೆಂದು ಕೊಟ್ರಮ್ಮನನ್ನು ಜಗುಲಿಯ ಬೆಂಚಿನ ಮೇಲೆ ಕೂರಿಸಿದ್ದರು. ಕಿಟಕಿಯಿಂದ ಮಾತೆಲ್ಲ ಕೇಳುತ್ತಿತ್ತು. ಮರುಳಸಿದ್ದಪ್ಪನವರು ಒಂದು ಮಾತನ್ನೂ ಗಟ್ಟಿಯಾಗಿ ಆಡಲಿಲ್ಲ. ನಿಮ್ಮ ಹಣೆಗೆ ಕುಂಕುಮ ಯಾರು ಇಡ್ತಾರೆ ತಾಯಿ ಎಂದು ಮನೆಯವರ ಹಾಗೆ ಕೇಳಿದರು. ನನ್ನ ಸೊಸೆ ಇಡ್ತಾಳೆ ಸ್ವಾಮಿ ಎಂದಳು ಕೆಂಚಕ್ಕ. ಯಾಕೆ, ನಿಮ್ಮ ಕೈ ಹಣೆ ಮಟ್ಟಕ್ಕೆ ಬರಲ್ವಾ. ಬರಲ್ಲ ಸ್ವಾಮಿ, ಎದೆ ಮಟ್ಟಕ್ಕೂ ಬರಲ್ಲ. ಅಷ್ಟಕ್ಕೇ ಅವರು ಕುಳಿತರು. ಬೆಂಚಿನ ಮೇಲಿದ್ದ ಕೊಟ್ರಮ್ಮನಿಗೆ ಆಗ ತಾನು ಯಾವ ಕೆಲಸಕ್ಕೆ ಬಂದಿದ್ದೇನೆಂದು ಪೂರ್ತಿ ತಿಳಿಯಿತು. ಎದ್ದು ಹೋಗಬೇಕೆನಿಸಿತು. ಅಷ್ಟರಲ್ಲಿ ಜವಾನ ಅವಳ ಹೆಸರು ಕೂಗಿದ.

ದೇವರ ಮೇಲೆ ಪ್ರಮಾಣ ಮಾಡಿಸಿದರು. ಕೇಳಿದ್ದಕ್ಕೆಲ್ಲ ಹೇಳಿದಳು. ಹೋಗಿದ್ದೆ. ಹೌದು, ಅವರೇ ಇಟ್ಟರು. ಬಲಗೈಯಲ್ಲಿ. ಹಣೆಗೆ. ಹೌದು, ನಿಂತುಕೊಂಡೇ ಇದ್ದೆ. ತಲೆ ಬಗ್ಗಿಸಿದ್ದೆನೆಂಬುದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಜಡ್ಜರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಟೈಪು ಮಾಡುವವನು ಟಕಟಕನೆ ಹೊಡೆದ. ತನ್ನ ಮಾತು ಇಷ್ಟು ಬೇಗ ಮುಗಿಯಿತೇ ಎನಿಸಿತು.

ಕೆಂಚಕ್ಕನ ವಕೀಲ ಹನುಮಂತಯ್ಯ ಎದ್ದ. ಪ್ರಾಯದವನು, ಈ ಮಾತನ್ನು ಈಗಷ್ಟೇ ಕೇಳಿ ಬೆವರಿದ್ದ. ಹೇಗೆ ಇಟ್ಟಳು ಎಂದು ಕೇಳಿದ್ದರೆ ಎಲ್ಲ ಹೊರಗೆ ಬರುತ್ತಿತ್ತು. ಕೊಟ್ರಮ್ಮ ಅದನ್ನೇ ಕಾಯುತ್ತಿದ್ದಳು, ಅದನ್ನೇ ಹೆದರುತ್ತಲೂ ಇದ್ದಳು. ಅವನು ಹಾಗೆ ಕೇಳಲಿಲ್ಲ.

"ನೀವು ಆದಿವಾಲಕ್ಕೆ ಹೋಗೇ ಇಲ್ಲ. ಯಾರೂ ನಿಮಗೆ ಕುಂಕುಮ ಇಟ್ಟಿಲ್ಲ. ಗಂಡನ್ನ ಉಳಿಸಿಕೊಳ್ಳೋಕೆ ಸುಳ್ಳು ಹೇಳ್ತಿದೀರಿ ಅಂತ ನಾನು ಹೇಳ್ತೀನಿ."

ಕೊಟ್ರಮ್ಮನ ಮುಖಕ್ಕೆ ರಕ್ತ ಏರಿತು. ಇಷ್ಟು ಜನ ಗಂಡಸರ ಮುಂದೆ ಸುಳ್ಳಿ ಎನ್ನಿಸಿಕೊಂಡವಳಲ್ಲ ಅವಳು.

"ಕುಂಕುಮದ ಮೇಲೆ ಸುಳ್ಳು ಹೇಳಾಕೆ ನಾನೇನು ಮುತ್ತೈದೆ ಅಲ್ವಾ?" ಎಂದಳು. ಸಿಟ್ಟಿನಲ್ಲಿ ಒಂದು ಗಳಿಗೆ ತಾನು ಪೂರ್ತಿ ಸಾಚಾ ಎನಿಸಿ ಎದೆ ಹಗುರಾಯಿತು. ಆಗಲೇ ಹಿಂದಿನ ಬೆಂಚಿನಿಂದ ಕೆಂಚಕ್ಕ ಎದ್ದು ನಿಂತಳು. ಕಾಟಯ್ಯ ಸೆರಗು ಹಿಡಿದು ಎಳೆದರೂ ಕೂರಲಿಲ್ಲ.

"ಆಯಮ್ಮ ಸುಳ್ಳು ಹೇಳ್ತಿಲ್ಲ ಸ್ವಾಮಿ. ಬಂದಿದ್ರು. ನಾನೇ ಇಟ್ಟೆ."

ಕೋರ್ಟಿನಲ್ಲಿ ಯಾರೋ ನಕ್ಕರು. ಹನುಮಂತಯ್ಯ ಕೈಚೆಲ್ಲಿ ಕುಳಿತ. ಮರುಳಸಿದ್ದಪ್ಪ ತಮ್ಮ ಕಾಗದಗಳನ್ನು ಮಡಚಿಟ್ಟರು. ತನ್ನ ಕೇಸನ್ನು ತಾನೇ ಮುಳುಗಿಸಿದೆನೆಂದು ಗೊತ್ತಿಲ್ಲದ ಹಾಗೆ ಕೆಂಚಕ್ಕ ನಿಧಾನ ಕುಳಿತು ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಕೊಟ್ರಮ್ಮ ಮಾತ್ರ ಅದನ್ನು ನೋಡಿದಳು. ಮನೆಗೆ ಬಂದವಳ ಮಾನಕ್ಕೆಂದು ಅವಳು ಎದ್ದಿದ್ದಳು.

ಊಟದ ಬಿಡುವಾಯಿತು. ನಾಗರಾಜಪ್ಪ ಖುಷಿಯಲ್ಲಿದ್ದ. ವಕೀಲರನ್ನು ಹೋಟೆಲಿಗೆ ಕರೆದುಕೊಂಡು ಹೋಗಾಣ ಬಾ ಎಂದ. ಬೀಗರಿಗೆ ಇವತ್ತೇ ಒಂದು ಮಾತು ಹೇಳಿ ಕಳಿಸಬಹುದು ಎಂದ. ನೀರು ಕುಡಿದು ಬರುತ್ತೇನೆಂದು ಅವಳು ಕಟ್ಟಡದ ಹಿಂದಿದ್ದ ನಲ್ಲಿಯ ಕಡೆಗೆ ಹೋದಳು.

ಹಿಂಭಾಗದ ಗೋಡೆಗೆ ಮುಖ ಮಾಡಿ ಕೆಂಚಕ್ಕ ಕುಳಿತಿದ್ದಳು. ಕಾಟಯ್ಯ ಹೆಗಲ ಟವೆಲನ್ನು ಬಿಚ್ಚಿ, ಎರಡೂ ಕೈಯಲ್ಲಿ ಅಡ್ಡ ಹಿಡಿದು, ಬಯಲಿನ ಕಡೆಗೆ ನೋಡುತ್ತ ನಿಂತಿದ್ದ. ಹುಣ್ಣೋ ಗಾಯವೋ ತೊಳೆದುಕೊಳ್ಳುತ್ತಿದ್ದಾಳೆ ಎಂದುಕೊಂಡಳು ಕೊಟ್ರಮ್ಮ. ನಲ್ಲಿಯ ಹತ್ತಿರದಿಂದ ಟವೆಲಿನ ಅಂಚಿನಾಚೆ ಕಂಡಿತು. ಕೆಂಚಕ್ಕ ಊಟ ಮಾಡುತ್ತಿದ್ದಳು. ಬಟ್ಟೆಯ ಗಂಟಿನಲ್ಲಿದ್ದ ರೊಟ್ಟಿಯನ್ನು ಎಡಗೈಯಲ್ಲಿ ಮುರಿದು, ಎಡಗೈಯಲ್ಲೇ ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ಪ್ರತಿ ತುತ್ತಿಗೂ ತಲೆಯನ್ನು ಗೋಡೆಗೆ ಇನ್ನಷ್ಟು ಒತ್ತುತ್ತಿದ್ದಳು. ಯಾವ ಕೈಯಿಂದ ಉಣ್ಣುತ್ತೀಯೆಂದು ಅವಳನ್ನು ಕೋರ್ಟಿನಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅಷ್ಟು ಜನರ ಮುಂದೆ ಅವಳು ಹೇಳುತ್ತಿರಲಿಲ್ಲವೆಂದು ಕೊಟ್ರಮ್ಮನಿಗೆ ಖಾತ್ರಿಯಾಯಿತು. ತೊಳೆಯುವ ಕೈಯಲ್ಲಿ ಉಣ್ಣುತ್ತೇನೆಂದು ಯಾವ ಹೆಂಗಸು ಹೇಳಿಕೊಂಡಾಳು.

ನಲ್ಲಿ ತಿರುಗಿಸದೆಯೇ ವಾಪಸು ಬಂದಳು. ಹೋಟೆಲಿನಲ್ಲಿ ದೋಸೆ ಮುಂದಿಟ್ಟರು. ಬಲಗೈ ತಟ್ಟೆಯ ಕಡೆಗೆ ಹೋಗಲಿಲ್ಲ.

"ನೋಡ್ರಿ," ಎಂದಳು ಗಂಡನಿಗೆ, "ನಾನು ಹೇಳಿದ್ದು ಅರ್ಧ ಆಯ್ತು. ಇನ್ನರ್ಧ ಹೇಳ್ಬೇಕು."

ನಾಗರಾಜಪ್ಪ ವಕೀಲರ ಮುಖ ನೋಡಿದ. ಮರುಳಸಿದ್ದಪ್ಪ ಚಟ್ನಿ ಹಾಕಿಸಿಕೊಳ್ಳುತ್ತ, ಸಾಕ್ಷಿ ಮುಗೀತು ಅಮ್ಮಾರೆ, ಇನ್ನು ಮಗಳ ಮದುವೆ ಸೀರೆ ಆರಿಸೋದು ನೋಡ್ರಿ ಎಂದರು. ನಾಗರಾಜಪ್ಪ ನಕ್ಕ. ಆ ನಗೆ ಸರಿಯಾಗಿ ಕೂಡಿಬರಲಿಲ್ಲ. ಅವತ್ತು ಮನೆಯಲ್ಲಿ ಹೆಂಡತಿ ಊಟ ಬಡಿಸುತ್ತ ಹೇಳಿದ್ದನ್ನು ಅವನು ಪೂರ್ತಿ ಕೇಳಿದ್ದವನು.

ಜಡ್ಜರು ಬಂದು ಕುಳಿತಾಗ ಕೊಟ್ರಮ್ಮ ಯಾರನ್ನೂ ಕೇಳದೆ ಮುಂದೆ ನಡೆದಳು. ಜವಾನ ಅಡ್ಡ ಬಂದ. ಜಡ್ಜರು, ಏನಮ್ಮ ಎಂದರು.

"ಸ್ವಾಮಿ, ನಾನು ಅರ್ಧ ಹೇಳ್ದೆ."

ಮರುಳಸಿದ್ದಪ್ಪ ಇಂಗ್ಲಿಷಿನಲ್ಲಿ ಬಹಳ ಹೊತ್ತು ಆಕ್ಷೇಪಿಸಿದರು. ಜಡ್ಜರು ಕೇಳಿಸಿಕೊಂಡು, ಹೇಳಲಿ ಬಿಡಿ ಎಂದು ಮತ್ತೆ ಕಟಕಟೆ ಹತ್ತಿಸಿದರು. ಕೊಟ್ರಮ್ಮ ಹೇಳಿದಳು. ಎಡಗೈ ಬಲಗೈಯನ್ನು ಎತ್ತಿತು. ನಾನು ತಲೆ ಬಗ್ಗಿಸಿದೆ. ಬೆರಳು ಕೂಡಲಿಲ್ಲ. ಕುಂಕುಮ ಸೀರೆಗೆ ಬಿತ್ತು. ಮರುಳಸಿದ್ದಪ್ಪ ಎದ್ದರು. ಈಗ ಅವರ ದನಿಯಲ್ಲಿ ಅಮ್ಮಾರೆ ಇರಲಿಲ್ಲ. ಮೊಣಕೈಗೆ ಎಡಗೈ ಕೊಡುವುದು ಮರ್ಯಾದೆಗೆ ಅಲ್ಲವೇ, ನೀವೂ ನಿಮ್ಮ ಮನೆಯಲ್ಲಿ ಹಾಗೆಯೇ ಕೊಡುವುದಿಲ್ಲವೇ ಎಂದು ಕೇಳಿದರು.

"ಕೊಡ್ತೀನಿ ಸ್ವಾಮಿ. ಮರ್ಯಾದೆಗೆ ಕೊಟ್ಟ ಕೈ ಹಗುರಾಗಿರ್ತೈತೆ. ಅವಳ ಎಡಗೈ ನರ ಉಬ್ಬಿತ್ತು."

"ಇದನ್ನ ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

ನೀವು ಬೇಡವೆಂದಿರಿ ಎನ್ನಬಹುದಾಗಿತ್ತು. ಅದೂ ಅರ್ಧವೇ ಆಗುತ್ತಿತ್ತು.

"ಹೇಳೋ ಮನಸ್ಸಿರ್ಲಿಲ್ಲ," ಎಂದಳು.

ಟೈಪಿನ ಸದ್ದು ನಿಂತಿತು. ಜಡ್ಜರು ಕನ್ನಡಕ ತೆಗೆದು, ಬೇರೆ ಏನಾದರೂ ನೋಡಿದ್ದೀರಾ, ಆ ಕೈಯ ವಿಚಾರವಾಗಿ ಎಂದು ಕೇಳಿದರು. ನೋಡಿದ್ದಳು. ಅದನ್ನು ಹೇಳಿದರೆ ಇನ್ನು ಯಾರೂ ಅನುಮಾನ ಪಡುವಂತಿರಲಿಲ್ಲ. ಅವಳು ಹಿಂದಿನ ಬೆಂಚಿನ ಕಡೆಗೆ ನೋಡಿದಳು. ಕಾಟಯ್ಯನ ಹೆಗಲ ಮೇಲೆ ಆ ಟವೆಲು ಇತ್ತು. ನಲ್ಲಿಯ ಹತ್ತಿರ ಯಾರು ನಿಂತಿದ್ದರೆಂದು ಅವನಿಗೆ ಗೊತ್ತಿತ್ತು. ಅವನು ಕೈಯೆತ್ತಲಿಲ್ಲ, ತಲೆಯಾಡಿಸಲಿಲ್ಲ. ಟವೆಲಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳನ್ನೇ ನೋಡಿದ, ಅಷ್ಟೇ. ಪಕ್ಕದಲ್ಲಿ ಕೆಂಚಕ್ಕ ತಲೆ ತಗ್ಗಿಸಿದ್ದಳು.

"ಇಲ್ಲ ಸ್ವಾಮಿ," ಎಂದಳು ಕೊಟ್ರಮ್ಮ.

ಹೊರಗೆ ಜಗುಲಿಯಲ್ಲಿ ಎದುರಾದಾಗ ಕೊಟ್ರಮ್ಮ ನಿಂತಳು. ಕೆಂಚಕ್ಕನೇ ಹತ್ತಿರ ಬಂದಳು.

"ಸೀರೆಗೆ ಬಿದ್ದಿದ್ದು ಹೋಯ್ತಾ ಅಮ್ಮಾರೆ? ಅವತ್ತು ಕುಂಕುಮ ಸರಿಯಾಗಿ ಕುಂದ್ರಲಿಲ್ಲ. ಮನಸ್ಸಿಗೆ ಹಚ್ಕಂಡೀರೇನೋ ಅಂತಿದ್ದೆ. ಹಚ್ಕಂಡೇ ಇದ್ರಿ ನೋಡ್ರಿ."

ಕೊಟ್ರಮ್ಮ ಇಲ್ಲ ಎಂದಳು. ಇಲ್ಲ, ಹಾಗಲ್ಲ ಎಂದಳು. ಮುಂದಿನದನ್ನು ಹೇಳುವಷ್ಟರಲ್ಲಿ ಕಾಟಯ್ಯ, ಬಸ್ಸು ತಪ್ತೈತೆ ನಡಿಯೇ ಎಂದು ಹೆಂಡತಿಯನ್ನು ಕರೆದುಕೊಂಡು ಹೋದ. ಕೆಂಚಕ್ಕ ಬಿದ್ದುಹೋದ ಕುಂಕುಮಕ್ಕೆ ತನ್ನಲ್ಲಿ ಕ್ಷಮೆ ಕೇಳಿದಳು, ಬೆಳಿಗ್ಗೆಯ ಸಾಕ್ಷಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಕೊಟ್ರಮ್ಮ ಅಂದು ನಿದ್ದೆ ಮಾಡುತ್ತಿದ್ದಳೇನೋ.

ನಾಗರಾಜಪ್ಪ ಕಾರಿನಲ್ಲಿ ಬೈಯುತ್ತಾನೆಂದು ಕಾದಳು. ಅವನೂ ಬೈಯಲಿಲ್ಲ. ಮನೆ ಬಾಗಿಲಲ್ಲಿ ಕಾರಿನ ಬೀಗದ ಕೈ ತಿರುಗಿಸುತ್ತ, ಮೊದ್ಲೇ ಹೇಳಿಬಿಡಬೇಕಿತ್ತು ಕಣೆ ಎಂದ. ಯಾರು ಹೇಳಬೇಕಿತ್ತೆಂದು ಅವಳು ಕೇಳಲಿಲ್ಲ.

ತೀರ್ಪು ಬೇಸಿಗೆಗೆ ಬಂತು. ಕೈಗೆ ಪೆಟ್ಟಾದದ್ದು ನಿಜ, ಕಂಪನಿ ಪರಿಹಾರ ಕೊಡಬೇಕು ಎಂದಿತ್ತು. ಆದರೆ ಇನ್ನೊಂದು ಕೈಯ ಸಹಾಯದಿಂದ ಅರ್ಜಿದಾರಳು ಮನೆಗೆಲಸಗಳನ್ನು ಮಾಡಿಕೊಳ್ಳಬಲ್ಲಳು, ಸಾಕ್ಷಿಯ ಮಾತಿನಿಂದಲೇ ಅದು ಕಾಣುತ್ತದೆ, ಆದ್ದರಿಂದ ಕೇಳಿದಷ್ಟು ಕೊಡಲಾಗದು ಎಂದೂ ಇತ್ತು. ವಕೀಲರ ಗುಮಾಸ್ತ ಓದಿ ಹೇಳಿದ್ದನ್ನು ನಾಗರಾಜಪ್ಪ ಹಾಗೆಯೇ ಬಂದು ಹೇಳಿದ. ಗೋಡೆಗೆ ಮುಖ ಮಾಡಿ ಕುಳಿತದ್ದನ್ನು ಹೇಳಿದ್ದರೆ ಪೂರ್ತಿ ಕೊಡುತ್ತಿದ್ದರೇ? ಹೇಳಿದ್ದರೆ ಕೆಂಚಕ್ಕ ಊರಲ್ಲಿ ತಲೆಯೆತ್ತುತ್ತಿದ್ದಳೇ? ಹಿಟ್ಟು ನಾದುವಾಗಲೂ ನೀರು ಸೇದುವಾಗಲೂ ಕೊಟ್ರಮ್ಮ ಇದನ್ನೇ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಿದ್ದಳು. ಯಾವ ಕಡೆಗೆ ತಿರುಗಿಸಿದರೂ ಬೆಳಿಗ್ಗೆ ತಾನು ಆಡಿದ್ದ ಮಾತು ಅಲ್ಲೇ ಇರುತ್ತಿತ್ತು.

ಹಿರಿಯೂರಿನ ಕೇಸು ದಂಡಕ್ಕೆ ಮುಗಿಯಿತು. ಹೊಳಲ್ಕೆರೆಯವರೂ ಒಪ್ಪಿದರು. ಲಗ್ನಪತ್ರಿಕೆ ಕೊಡಲು ಗಂಡ ಹೆಂಡತಿ ಇಬ್ಬರೂ ಅದೇ ಕಾರಿನಲ್ಲಿ ಶಿರಾ ಕಡೆಗೆ ಹೊರಟರು. ಹಿರಿಯೂರು ದಾಟಿದರು. ಆದಿವಾಲ ಬಂದಾಗ ಕಾರು ತಾನಾಗಿಯೇ ಎಂಬಂತೆ ನಿಧಾನವಾಯಿತು. ಬುಟ್ಟಿಯಲ್ಲಿ ಅರಿಶಿನ ಹಚ್ಚಿದ ಪತ್ರಿಕೆಗಳಿದ್ದವು, ಒಂದರ ಮೇಲೆ ಮಾತ್ರ ಹೆಸರು ಬರೆದಿರಲಿಲ್ಲ. ಅದನ್ನು ಯಾಕೆ ಬಿಟ್ಟಿದ್ದಾಳೆಂದು ಅವನು ಮನೆಯಲ್ಲಿ ಕೇಳಿರಲಿಲ್ಲ.

"ಇಳಿತೀಯಾ?" ಎಂದ.

ಊರಿನ ಕೊನೆಯ ಮನೆ ರಸ್ತೆಗೇ ಕಾಣುತ್ತಿತ್ತು. ಅಂಗಳದಲ್ಲಿ ಯಾರೋ ಬಗ್ಗಿ ಗುಡಿಸುತ್ತಿದ್ದರು, ಸೊಸೆಯಿರಬೇಕು. ಕೊಟ್ರಮ್ಮ ಪತ್ರಿಕೆಯನ್ನು ಕೈಗೆ ತೆಗೆದುಕೊಂಡಳು. ಈ ಸಲ ಟೀ ಕೊಟ್ಟರೆ ಕುಡಿಯಬೇಕೆಂದು ಮನೆಯಿಂದ ಹೊರಡುವಾಗಲೇ ನಿಶ್ಚಯ ಮಾಡಿಕೊಂಡಿದ್ದಳು. ಟೀ ಕುಡಿದು ಎದ್ದ ಮೇಲೆ ಏನೆಂಬುದು ಈಗ ಕಣ್ಣಿಗೆ ಕಟ್ಟಿತು.

"ಬ್ಯಾಡ, ನಡೀರಿ," ಎಂದಳು. "ಹೋದ್ರೆ ಕುಂಕುಮ ಇಡದೆ ಕಳ್ಸಲ್ಲ ಅವಳು."

ನಾಗರಾಜಪ್ಪ ಗೇರು ಬದಲಿಸಿದ. ಪತ್ರಿಕೆ ಶಿರಾದವರೆಗೂ ಅವಳ ತೊಡೆಯ ಮೇಲೆಯೇ ಇತ್ತು.